ತಂಪು ಗಾಡಿಗೆ ಬಂದ ಮೇಸ್ತ್ರಿ

ರೇವವ್ವ ಗೌಡಸಾನಿಯ ಕಾರು ಕುಂದಗೋಳದ ಬಜಾರಿನಲ್ಲಿ ಹಾದುಹೋದಾಗ ಜನ ಕಾರು ನೋಡುತ್ತಿದ್ದರು. ಅದನ್ನು ಓಡಿಸುವ ಮಶಾಕಸಾಬ, ಜನ ನೋಡುವುದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಎರಡು ಚಕ್ಕಡಿ ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದದ ಪರದೇಶಿ ಗಾಡಿ ಅದು. ರೇವವ್ವನ ಗಂಡ ಹೊಳೆಪ್ಪಗೌಡರು ಮುಂಬಯಿಯ ಅರಳೆ ದಲಾಲನೊಬ್ಬನಿಂದ ಅದನ್ನು ಕೊಂಡು ತಂದಾಗ, ಅಣ್ಣಿಗೇರಿಯ ಹತ್ತಿ ಜಿನ್ನಿನಲ್ಲಿ ಲಾರಿ ಹೊಡೆಯುತ್ತಿದ್ದ ಮಶಾಕಸಾಬನನ್ನು ಕರೆಸಿ ಚಾವಿ ಕೈಗೆ ಕೊಟ್ಟಿದ್ದರು. ಮುಂದೆ ಗೌಡರು ತೀರಿಕೊಂಡರು, ಹೊಲಮನೆಯ ವ್ಯವಹಾರವೆಲ್ಲ ರೇವವ್ವನ ತಲೆಗೆ ಬಂತು. ಚಾವಿ ಮಾತ್ರ ಮಶಾಕಸಾಬನ ಅಂಗಿಯ ಕಿಸೆಯಲ್ಲೇ ಉಳಿಯಿತು.

ಆ ಗಾಡಿಯ ಹೊಟ್ಟೆಯೊಳಗಿನದೆಲ್ಲ ಅವನಿಗೆ ಬಾಯಿಪಾಠ. ಕಾರ್ಬೊರೇಟರ್ ಬಿಚ್ಚಿ ತೊಳೆಯುವವನೂ ಅವನೇ, ಬ್ರೇಕಿನ ರಬ್ಬರು ಬದಲಿಸುವವನೂ ಅವನೇ. ಒಂದೇ ಒಂದಕ್ಕೆ ಮಾತ್ರ ಅವನು ಕೈ ಹಾಕಿರಲಿಲ್ಲ, ಅದು ತಂಪು ಹವೆಯ ಯಂತ್ರ. ಬಿರುಬಿಸಿಲಿನಲ್ಲಿ ಗಾಜು ಏರಿಸಿಕೊಂಡು ಓಡಾಡುವ ಗಾಡಿ ಇಡೀ ತಾಲೂಕಿನಲ್ಲಿ ಅದೊಂದೇ. "ಇದು ಹೆಂಗ ತಂಪ ಆಕ್ಕೈತಿ, ಮಶಾಕಣ್ಣ?" ಎಂದು ಯಾರಾದರೂ ಕೇಳಿದರೆ, "ಹೇಳಿದರ ತಿಳಿಯೂ ವಿಷಯ ಅಲ್ಲ ಅದು" ಎಂದು ಗಂಭೀರವಾಗಿ ಬಾನೆಟ್ ಮುಚ್ಚುತ್ತಿದ್ದ. ತನಗೂ ಅದು ತಿಳಿದಿಲ್ಲ ಎಂಬುದನ್ನು ಹೆಂಡತಿ ರಜಿಯಾಬಿಯ ಮುಂದೆ ಕೂಡ ಬಾಯಿ ಬಿಟ್ಟಿರಲಿಲ್ಲ.

ತುರ್ತು ಪರಿಸ್ಥಿತಿ ಮುಗಿದು, ಚುನಾವಣೆಯ ಗದ್ದಲವೂ ಅಡಗಿದ ಬೇಸಿಗೆ. ಅಣ್ಣಿಗೇರಿಯ ಸಂತೆಯ ದಿನ ಇಕ್ಕಟ್ಟಿನ ದಾರಿಯಲ್ಲಿ ಕಾರು ನಿಂತಿತ್ತು. ಎತ್ತು ಬಿಚ್ಚಿ ನಿಲ್ಲಿಸಿದ್ದ ಚಕ್ಕಡಿಯೊಂದನ್ನು ಯಾರೋ ಹಿಂದಿನಿಂದ ನೂಕಿದರು. ಅದರ ಮೂಕಿಯ ಕಬ್ಬಿಣದ ತುದಿ ಬಂದು ಕಾರಿನ ಮುಂದಿನ ಜಾಲರಿಗೆ ಬಡಿಯಿತು. ಮಶಾಕಸಾಬ ಇಳಿದು ನೋಡಿದ. ಜಾಲರಿಯ ಎರಡು ಪಟ್ಟಿ ಬಾಗಿದ್ದವು, ಒಳಗೆ ಎಣ್ಣೆಯ ಜಿಡ್ಡು ಕಾಣಿಸಿತು. ರೇಡಿಯೇಟರಿನ ನೀರು ಸೋರುತ್ತಿರಲಿಲ್ಲ. "ಏನೂ ಆಗಿಲ್ರಿ ಅವ್ವಾರ" ಎಂದು ಗಾಡಿ ಚಾಲೂ ಮಾಡಿದ.

ಅರ್ಧ ದಾರಿಗೆ ಬರುವಷ್ಟರಲ್ಲಿ ಕಿಂಡಿಯಿಂದ ಬಿಸಿಹವೆ ಬರತೊಡಗಿತು. ರೇವವ್ವ ಭಾರಿ ಮೈಯ ಹೆಂಗಸು. ಬಿಸಿಲಿನ ಝಳ ತಾಗಿದರೆ ಅವಳಿಗೆ ತಲೆ ಸುತ್ತುತ್ತಿತ್ತು, ಒಮ್ಮೆ ಧಾರವಾಡದ ಕೋರ್ಟಿನ ಮೆಟ್ಟಿಲ ಮೇಲೆ ಬಿದ್ದೂ ಇದ್ದಳು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಮುಖ ಕೆಂಪಗೆ ಮಾಡಿಕೊಂಡು ಊರು ಮುಟ್ಟಿದಳು.

"ನಾಳೆ ಬಿಚ್ಚಿ ನೋಡತೇನ್ರಿ" ಎಂದ ಮಶಾಕಸಾಬ.

"ಬ್ಯಾಡ ಬಿಡು. ಅದು ನಿನಗ ತಿಳಿಯೂದಲ್ಲ" ಎಂದಳು ರೇವವ್ವ. ಅವಳ ದನಿಯಲ್ಲಿ ತಿರಸ್ಕಾರವೇನೂ ಇರಲಿಲ್ಲ. ಸೆಕೆಯಲ್ಲಿ ಬೆಂದವಳು ಇದ್ದದ್ದನ್ನು ಇದ್ದಂತೆ ಹೇಳಿದ್ದಳು. "ಹುಬ್ಬಳ್ಳಿಯಾಗ ಫ್ರಿಜ್ ರಿಪೇರಿ ಮಾಡೂ ಹುಡುಗ ಒಬ್ಬ ಅದಾನಂತ. ಅವಗ ಹೇಳಿ ಕಳಸೂಣು."

ಇಷ್ಟು ವರ್ಷ ಗಾಡಿಯ ಸಂಗತಿಯಲ್ಲಿ ರೇವವ್ವ ಇನ್ನೊಬ್ಬರ ಹೆಸರು ಎತ್ತಿರಲಿಲ್ಲ. ಮಶಾಕಸಾಬ "ಹೂಂನ್ರಿ" ಎಂದು ಗಾಡಿಯನ್ನು ಬಂಡಿಮನೆಯೊಳಗೆ ನಿಲ್ಲಿಸಿ, ಮನೆಗೆ ಹೋಗಿ ಉಣ್ಣದೆ ಮಲಗಿದ.

ಹುಡುಗ ಎಂದರೆ ಮೂವತ್ತರ ಆಸುಪಾಸಿನ ಗಂಡಸು, ಹೆಸರು ಜಹೀರುದ್ದೀನ. ಮೋಟಾರ್ ಸೈಕಲ್ಲಿನ ಹಿಂದೆ ಗ್ಯಾಸಿನ ಸಣ್ಣ ಸಿಲಿಂಡರ್ ಕಟ್ಟಿಕೊಂಡು ಬಂದ. ಇಸ್ತ್ರಿಯ ಪ್ಯಾಂಟು, ತೋಳು ಮಡಚಿದ ಬಿಳಿ ಅಂಗಿ. ಕೆಲ ವರ್ಷ ಮುಂಬಯಿಯಲ್ಲಿ ಕೆಲಸ ಮಾಡಿದವನು, ಈಗ ಹುಬ್ಬಳ್ಳಿಯ ಐಸ್‌ಕ್ರೀಮ್ ಅಂಗಡಿಗಳಿಗೆಲ್ಲ ಅವನೇ ಮೇಸ್ತ್ರಿ. ಮಶಾಕಸಾಬನಿಗೆ "ಸಲಾಂ ಚಾಚಾ" ಎಂದ, ಬಾನೆಟ್ ಎತ್ತಿದ, ಯಂತ್ರದೊಳಕ್ಕೆ ಸ್ವಲ್ಪ ಗ್ಯಾಸು ಬಿಟ್ಟ. ಆಮೇಲೆ ಸಾಬೂನಿನ ನೊರೆಯನ್ನು ಬ್ರಷ್ಷಿನಿಂದ ಹಚ್ಚುತ್ತ ಹೋದ. ರೇಡಿಯೇಟರಿನ ಮುಂದಿದ್ದ ತೆಳು ರೆಕ್ಕೆಗಳ ಚೌಕದ ಒಂದು ಮೂಲೆಯಲ್ಲಿ ನೊರೆ ಬುಳುಬುಳು ಎದ್ದಿತು.

"ಇಲ್ಲಿ ನೋಡ್ರಿ ಅವ್ವಾರ. ಕಂಡೆನ್ಸರ್ ತೂತು ಬಿದ್ದೈತಿ. ಒಳಗಿನ ಬಿಸಿಯೆಲ್ಲಾ ಇದರಾಗಿಂದನ ಹೊರಗ ಹೋಗಬೇಕು. ಹಳೇದಾಗಿ ತವರ ಹಾಕಿದರೂ ನಿಲ್ಲಂಗಿಲ್ಲ, ಹೊಸಾದ ಬೇಕು. ಮುಂಬಯಿಯಿಂದ ತರಸೂಣು. ಗಾಡಿ ಹುಬ್ಬಳ್ಳಿಗೆ ಒಯ್ಯೂದು ಬ್ಯಾಡ, ಇಲ್ಲೇ ಮನಿಯಾಗ ಹಾಕೂಣು."

ರೇವವ್ವ ಪಡಸಾಲೆಯ ಕಟ್ಟೆಯ ತುದಿಗೆ ಬಂದು ಬಗ್ಗಿ ನೋಡಿದಳು. ತೂತು ನೋಡಿ ಮಗುವಿನಂತೆ ಖುಷಿಪಟ್ಟಳು. "ನೋಡೋ ಮಶಾಕ, ಹೆಂಗ ಹಿಡದ!" ಎಂದಳು.

ಮಶಾಕಸಾಬ ನೋಡಿದ. ಅಷ್ಟು ವರ್ಷ ದಿನಾ ಒರೆಸಿದ ಜಾಗ ಅದು.

ಅಷ್ಟರಲ್ಲಿ ಮನೆಗೆಲಸದ ಮೈಲಾರವ್ವ ಚಹಾ ತಂದಳು. ಆ ಮನೆಯ ಹೊರಗೋಡೆಯಲ್ಲಿ ಒಂದು ಮಾಡವಿತ್ತು. ಮಶಾಕಸಾಬನ ಚಹಾದ ಕಪ್ಪು, ಬಸಿ ಇರುವುದು ಅದರಲ್ಲಿ. ಚಹಾ ಬಂದಾಗ ತಾನೇ ಅದನ್ನು ತೆಗೆದು ಹಿಡಿಯಬೇಕು, ಕುಡಿದು ತಾನೇ ತೊಳೆದಿಡಬೇಕು. ಅದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅವಮಾನ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಆದರೆ ಇವತ್ತು ಜಹೀರುದ್ದೀನನಿಗೆ ಒಳಗಿನ ಹೂಬಳ್ಳಿಯ ಕಪ್ಪಿನಲ್ಲಿ ಚಹಾ ಬಂತು, ಕೂರಲು ಬೆತ್ತದ ಕುರ್ಚಿಯೂ ಬಂತು. ನಮಾಜಿಗೆ ಜಾಗ ಕೇಳಿದ ಮನುಷ್ಯನ ಜಾತಿ ಮೈಲಾರವ್ವನಿಗೆ ಗೊತ್ತಿಲ್ಲದೆ ಇಲ್ಲ. ಮಶಾಕಸಾಬ ಮಾಡದಿಂದ ತನ್ನ ಕಪ್ಪು ತೆಗೆದ. ಅದರ ಹಿಡಿಕೆ ಯಾವಾಗ ಮುರಿದಿತ್ತೋ ನೆನಪಾಗಲಿಲ್ಲ.

"ಹಂಗ ಇಂಜಿನ್ ಸದ್ದು ಕೇಳು ಜಹೀರ, ಹೆಂಗೈತಿ ಹೇಳು" ಎಂದಳು ರೇವವ್ವ.

"ಚಲೋ ಐತ್ರಿ. ಟ್ಯಾಪೆಟ್ ಸ್ವಲ್ಪ ಬಡಕೋತಾವು."

ಮಶಾಕಸಾಬ ಅರ್ಧ ಚಹಾ ಚೆಲ್ಲಿದ. ಕಪ್ಪು ತೊಳೆಯಲು ಬಾವಿಯ ಕಡೆ ಹೋದವನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಜಹೀರುದ್ದೀನ ತೂತಿಗೆ ಮೇಣದಂಥದೇನನ್ನೋ ಮೆತ್ತಿ, ಹೊರಡುವಾಗ ರೇವವ್ವನಿಗೆ ಹೇಳಿದ: "ಹಸಿ ಹವಾ ಒಳಗ ಹೋಗಬಾರದಂತ ಗ್ಯಾಸ್ ಹಂಗ ಬಿಟ್ಟೇನ್ರಿ. ನಾ ಬರೂ ತನಕ ಯಾರೂ ಆ ಪೈಪಿನ ನಟ್ಟಿಗೆ ಕೈ ಹಚ್ಚಬಾರದು. ಚಾಚಾಗ ಹೇಳಿಬಿಡ್ರಿ." ರೇವವ್ವ ಹೂಂ ಎಂದಳು, ಒಳಗೆ ಹೋಗಿ ಮರೆತಳು. ಬಾವಿಯ ಹತ್ತಿರ ಕೂತವನಿಗೆ ಅದು ಕೇಳಿಸಲಿಲ್ಲ.

ಅವತ್ತು ಸಂಜೆ ಮನೆಗೆ ಹೋದರೆ ರಜಿಯಾಬಿಯ ಬಾಯಲ್ಲೂ ಅದೇ ಹೆಸರು. ಮಧ್ಯಾಹ್ನ ಊಟಕ್ಕೆ ರೇವವ್ವ ಜಹೀರುದ್ದೀನನನ್ನು ಇವರ ಮನೆಗೇ ಕಳಿಸಿದ್ದಳಂತೆ. "ಎಷ್ಟ ಮರ್ಯಾದಿ ಅಂತೀರಿ! ಉಂಡ ತಾಟು ತಾನ ತೊಳಿಯಾಕ ಹೋದ. ಬದನಿಕಾಯಿ ಪಲ್ಯಾ ಎರಡ ಸಲ ಹಾಕಿಸಿಕೊಂಡ."

ಗಂಡ ಹೆಂಡತಿ ಮನೆಯಲ್ಲಿ ಮಾತಾಡುವುದು ಉರ್ದು. ಕೆಣಕುವುದಕ್ಕೆ, ಜಗಳಕ್ಕೆ ಮಾತ್ರ ಕನ್ನಡ.

"ಇಟಕೋ ಅವನ್ನ ಮನಿಯಾಗ" ಎಂದ ಮಶಾಕಸಾಬ. "ಅಲ್ಲಿ ಗಾಡಿ ಹಿಡದ, ಇಲ್ಲಿ ಗಡಿಗಿ ಹಿಡದ."

"ಅಯ್ಯ, ಅಂವ ನಿಮಗೇನ್ ಮಾಡ್ಯಾನ? ಹೊಟ್ಟಿಕಿಚ್ಚು ನಿಮಗ."

"ನನಗ್ಯಾಕ ಹೊಟ್ಟಿಕಿಚ್ಚು? ಫ್ರಿಜ್ ರಿಪೇರಿ ಮಾಡಾವ ಅಂವ. ನಾ ಗಾಡಿ ನೋಡಕೊಂಡಾವ."

"ಅದನ್ನ ನಾನೂ ಅನ್ನೂದು" ಎಂದು ರಜಿಯಾಬಿ ಒಲೆ ಕಡೆ ತಿರುಗಿದಳು.

ಕಂಡೆನ್ಸರ್ ಮುಂಬಯಿಯಿಂದ ರೈಲಿನ ಪಾರ್ಸಲಿನಲ್ಲಿ ಬಂತು. ಮಶಾಕಸಾಬನೇ ಸ್ಟೇಶನ್ನಿಗೆ ಹೋಗಿ ಬಿಡಿಸಿಕೊಂಡು ಬಂದ. ಮರದ ಪೆಟ್ಟಿಗೆಯ ಹಲಗೆ ಕಿತ್ತು ನೋಡಿದರೆ ಒಣಹುಲ್ಲಿನ ನಡುವೆ ಮಿರಿಮಿರಿ ಮಿಂಚುವ ರೆಕ್ಕೆಗಳು, ಹಾವಿನಂತೆ ಮಡಚಿಕೊಂಡ ಪೈಪು. ಇಷ್ಟೇ! ಎರಡು ಪೈಪು ಬಿಚ್ಚಬೇಕು, ನಾಲ್ಕು ಬೋಲ್ಟು ತೆಗೆಯಬೇಕು, ಇದನ್ನು ಕೂಡಿಸಬೇಕು. ಗ್ಯಾಸು ತುಂಬುವುದೊಂದು ಬಿಟ್ಟರೆ ಇದರಲ್ಲಿ ವಿದ್ಯೆ ಏನಿದೆ? ಜಹೀರುದ್ದೀನ ಬರುವುದು ಮರುದಿನ. ರೇವವ್ವ ಬೆಳಗಿನ ರೈಲಿಗೆ ಕೋರ್ಟಿನ ಕೆಲಸಕ್ಕೆ ಹೋಗಿದ್ದಳು. ಸಂಜೆ ಅವಳು ಬರುವುದರೊಳಗೆ ಹೊಸದನ್ನು ಕೂಡಿಸಿಟ್ಟರೆ, ನಾಳೆ ಬಂದವನು ಗ್ಯಾಸು ತುಂಬಿ ಬಂದ ದಾರಿ ಹಿಡಿಯಬೇಕು. ಕೂಡಿಸಿದವನು ಮಶಾಕ ಎಂದು ಅವನೇ ತನ್ನ ಬಾಯಿಂದ ರೇವವ್ವನಿಗೆ ಹೇಳಬೇಕು.

ರೇಡಿಯೇಟರಿನ ನೀರು ಇಳಿಸಿ, ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಅದೆಲ್ಲ ಕಣ್ಣುಮುಚ್ಚಿ ಮಾಡುವ ಕೆಲಸ. ಆಮೇಲೆ ಹಳೆ ಕಂಡೆನ್ಸರಿನ ಕೆಳಗಿನ ಪೈಪಿಗೆ ಪಾನಾ ಹಾಕಿದ. ನಟ್ಟು ಬಿಗಿಯಾಗಿತ್ತು. ತೂತು ಬಿದ್ದು ಇಷ್ಟು ದಿನವಾದ ಮೇಲೆ ಒಳಗೆ ಏನು ಉಳಿದೀತು ಎಂದುಕೊಂಡು, ಎಡಗೈಯಿಂದ ಪಾನಾ ಎಳೆಯುತ್ತ ಬಲಗೈಯಿಂದ ಪೈಪನ್ನು ಗಟ್ಟಿಯಾಗಿ ಹಿಡಿದ.

ನಟ್ಟು ಒಮ್ಮೆಲೇ ಬಿಟ್ಟುಕೊಂಡಿತು. ಬುಸ್ಸೆಂದು ಬಿಳಿ ಹೊಗೆಯಂಥದು ಹೊರಗೆ ಹಾರಿತು. ಬಲಗೈ ಬೆಂಕಿಯಲ್ಲಿ ಇಟ್ಟಂತಾಗಿ ಚೀರಿದ. ಮರುಕ್ಷಣ ಬೆರಳುಗಳಲ್ಲಿ ಏನೂ ಅನ್ನಿಸಲೇ ಇಲ್ಲ. ನೋಡಿದರೆ ನಾಲ್ಕು ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಮಡಚಲು ಬಾರದೆ ಕಟ್ಟಿಗೆಯ ಹಾಗೆ ನಿಂತಿದ್ದವು.

ಮೈಲಾರವ್ವ ಓಡಿ ಬಂದಳು. "ಏನಾತೋ ಯಣ್ಣಾ!" ಎಂದು ಕೊಡದ ನೀರು ಕೈಮೇಲೆ ಸುರಿದಳು.

"ಯಾರಿಗೂ ಹೇಳಬ್ಯಾಡ ಮೈಲಾರವ್ವ."

"ಹೇಳದಿದ್ದರ ಕೈ ಹೇಳಂಗಿಲ್ಲೇನು?" ಎಂದಳು ಆಕೆ.

ಸರಕಾರಿ ದವಾಖಾನೆಯ ಡಾಕ್ಟರು, ಬೇಸಿಗೆಯಲ್ಲಿ ಗ್ಯಾಸಿನ ಮಂಜಿನಂಥ ತಂಪಿಗೆ ಸುಟ್ಟ ಕೈಯನ್ನು ತಾನು ಮೊದಲ ಸಲ ನೋಡುತ್ತಿರುವುದು ಎಂದರು. ಬೊಬ್ಬೆ ಎದ್ದ ಬೆರಳುಗಳಿಗೆ ಮುಲಾಮು ಹಚ್ಚಿ ಬಿಳಿ ಪಟ್ಟಿ ಸುತ್ತಿದರು. ರಜಿಯಾಬಿ ದಾರಿಯುದ್ದಕ್ಕೂ ಅತ್ತಳು, ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮರುದಿನ ಜಹೀರುದ್ದೀನ ಬಂದು ಬಾನೆಟ್ಟಿನೊಳಗೆ ಇಣುಕಿದ. ಬಾಯ್ತೆರೆದ ಪೈಪು ನೋಡಿದ. ಮಶಾಕಸಾಬನ ಕೈ ನೋಡಿದ. ರೇವವ್ವ ಪಡಸಾಲೆಯಲ್ಲೇ ನಿಂತಿದ್ದಳು.

"ತಪ್ಪ ನಂದರಿ ಅವ್ವಾರ" ಎಂದ ಅವನು. "ಚಾಚಾಗ ನಾನ ಹೇಳಿ ಹೋಗಬೇಕಿತ್ತು."

ರೇವವ್ವನಿಗೆ ಆಗ ನೆನಪಾಯಿತು. "ನನಗ ಹೇಳಿದ್ದ್ಯಲ್ಲೋ. ನಾ ಮರತೆ" ಎಂದು ಹಣೆ ಹಣೆ ಬಡಿದುಕೊಂಡಳು. ಇಬ್ಬರೂ ತಪ್ಪನ್ನು ತಮ್ಮ ತಮ್ಮ ತಲೆಗೆ ಹಾಕಿಕೊಂಡರು. ಮಶಾಕಸಾಬನ ಪಾಲಿಗೆ ಏನೂ ಉಳಿಯಲಿಲ್ಲ, ಬೈಗಳು ಸಹ. ಜಹೀರುದ್ದೀನ ಹಲ್ಲು ಕಿರಿದು ಆಡಿಕೊಂಡಿದ್ದರೆ ಅವನನ್ನು ನೆಮ್ಮದಿಯಿಂದ ದ್ವೇಷಿಸಬಹುದಿತ್ತು. ಅದಕ್ಕೂ ಅವನು ಎಡೆ ಕೊಡಲಿಲ್ಲ.

ಕೆಲಸ ಸುರುವಾಯಿತು. ಹೊಸ ಕಂಡೆನ್ಸರಿನ ಕಿವಿಗಳು ಹಳೆಯ ಬೋಲ್ಟಿನ ತೂತಿಗೆ ಕೂಡಲಿಲ್ಲ. ಕಂಬಾರನ ಹತ್ತಿರ ಹೋಗಿ ಎರಡು ಪಟ್ಟಿ ಬಡಿಸಿಕೊಂಡು ಬಂದವನು ಮಶಾಕಸಾಬನೇ. ಜಂಗು ಹಿಡಿದ ಬೋಲ್ಟನ್ನು ಯಾವ ಕಡೆಯಿಂದ ತಟ್ಟಿದರೆ ಸಡಿಲುತ್ತದೆ ಎಂದು ತೋರಿಸಿದವನೂ ಅವನೇ. "ಬರೋಬ್ಬರಿ ಹೇಳಿದ್ರಿ ಚಾಚಾ" ಎಂದು ಜಹೀರುದ್ದೀನ ಅಂದಾಗ ಒಂದು ಗಳಿಗೆ ಎದೆ ತಂಪಾಗುತ್ತಿತ್ತು. ಅವನ ಎರಡೂ ಕೈ ಆಡುವುದನ್ನು ಕಂಡಾಗ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಒಳಗೆ ಹೊಕ್ಕ ಹಸಿ ಹವೆಯನ್ನೆಲ್ಲ ಎಳೆದು ತೆಗೆಯಲು ಕರೆಂಟಿನ ಪಂಪು ಹಚ್ಚಿ, ಜಹೀರುದ್ದೀನ ರೇಡಿಯೇಟರನ್ನು ಮರಳಿ ಕೂಡಿಸತೊಡಗಿದ. ಕೆಳಗಿನ ರಬ್ಬರ್ ಪೈಪನ್ನು ತೂರಿಸಿ, ಅದರ ಕ್ಲಿಪ್ಪಿನ ತಿರುಪನ್ನು ಒಂದೆರಡು ಸುತ್ತು ತಿರುವಿದ. ಅಷ್ಟರಲ್ಲಿ ಪಂಪು ಗೊರಗೊರ ಎಂದಿತು. ಸ್ಕ್ರೂಡ್ರೈವರ್ ಕೆಳಗಿಟ್ಟು ಅತ್ತ ಓಡಿದ. ತಿರುಗಿ ಬಂದವನು ಮೇಲಿನ ಪೈಪಿಗೆ ಕೈ ಹಚ್ಚಿದ.

ಕೆಳಗಿನ ಕ್ಲಿಪ್ಪು ಸಡಿಲವೇ ಉಳಿದದ್ದನ್ನು ಮಶಾಕಸಾಬ ನೋಡಿದ. ಹೇಳಬೇಕೆಂದು ಬಾಯಿ ತೆರೆದ. ಸರಿಯಾಗಿ ಅದೇ ಹೊತ್ತಿಗೆ ರೇವವ್ವ ಪಡಸಾಲೆಯಿಂದ ಅಂದಳು: "ಇನ್ನ ಮ್ಯಾಲೆ ಗಾಡಿ ಕೆಲಸಾ ಏನ ಇದ್ದರೂ ಜಹೀರನ್ನ ಕರಸೂಣು ಮಶಾಕ. ನಿನಗೂ ವಯಸ್ಸಾತು, ಕೈಯೂ ಹಿಂಗಾತು."

ಅವನು ತೆರೆದ ಬಾಯಿ ಮುಚ್ಚಿದ.

ರೇಡಿಯೇಟರಿಗೆ ನೀರು ಹೊಯ್ದಾಯಿತು, ಗ್ಯಾಸು ತುಂಬಲು ಇಂಜಿನ್ ಚಾಲೂ ಆಯಿತು. ಗಾಡಿಯ ಕೆಳಗೆ ನೀರು ತೊಟ್ಟಿಕ್ಕತೊಡಗಿತು. "ತಂಪು ಹಿಡಿತು ನೋಡ್ರಿ, ನೀರ ಬಿಡಾಕತ್ತೈತಿ" ಎಂದು ಜಹೀರುದ್ದೀನ ಸಂತೋಷದಿಂದ ಹೇಳಿದ. ತಂಪು ಯಂತ್ರ ಓಡಿದರೆ ಒಂದಿಷ್ಟು ನೀರು ಇಳಿಯುವುದು ನಿಜ. ಆದರೆ ಆ ನೀರು ಬೀಳುವುದು ನಡುಭಾಗದಲ್ಲಿ. ಇದು ಮುಂದೆ ಬೀಳುತ್ತಿತ್ತು, ಜಂಗಿನ ಬಣ್ಣವೂ ಇತ್ತು. ಮಶಾಕಸಾಬನೊಬ್ಬನಿಗೆ ಅದು ಗೊತ್ತು.

ರೇವವ್ವ ಹಿಂದಿನ ಸೀಟಿನಲ್ಲಿ ಕೂತಳು. ಜಹೀರುದ್ದೀನ ಮಶಾಕಸಾಬನ ಜಾಗದಲ್ಲಿ ಕೂತು ಸೀಟನ್ನು ತನ್ನ ಕಾಲಿಗೆ ತಕ್ಕಂತೆ ಹಿಂದೆ ಸರಿಸಿದ. ಆ ಸೀಟು ಸರಿದ ಸದ್ದು ಮಶಾಕಸಾಬನ ಎದೆಗೆ ನಾಟಿತು.

"ನೀನೂ ಬಾರೋ, ಮುಂದ ಕುಂದ್ರು. ಸಂಶಿ ತನಕ ಹೋಗಿ ಬರೂಣು" ಎಂದಳು ರೇವವ್ವ.

"ಕೈ ನೋಯ್ತೈತ್ರಿ. ನೀವು ಹೋಗಿ ಬರ್ರಿ."

ಗಾಡಿ ಹೋಯಿತು. ಮಶಾಕಸಾಬ ಕಟ್ಟೆಯ ಮೇಲೆ ಕೂತ. ನಡುದಾರಿಯಲ್ಲಿ ಬಾನೆಟ್ಟಿನಿಂದ ಉಗಿ ಏಳುತ್ತದೆ. ಇಸ್ತ್ರಿಯ ಪ್ಯಾಂಟಿನವನು ಕೆಳಗಿಳಿದು ಕೈ ಕೈ ಹಿಸುಕಿಕೊಳ್ಳುತ್ತಾನೆ. ದಾರಿಹೋಕರು ನಿಂತು ನೋಡುತ್ತಾರೆ. "ಮಶಾಕ ಇದ್ದರ ಹಿಂಗ ಆಗತಿರಲಿಲ್ಲ" ಎಂದು ರೇವವ್ವ ಅನ್ನುತ್ತಾಳೆ. ಮನಸ್ಸಿನಲ್ಲಿ ಇದನ್ನೆಲ್ಲ ಒಂದೊಂದಾಗಿ ನೋಡಿದ. ಅವಳ ಮಾತನ್ನು ಎರಡು ಸಲ ಆಡಿಸಿ ಕೇಳಿದ. ಬಹಳ ದಿನದ ಮೇಲೆ ಹಾಯೆನಿಸಿತು.

ಆಮೇಲೆ ಇಂಜಿನ್ ನೆನಪಾಯಿತು.

ನೀರಿಲ್ಲದ ಇಂಜಿನ್ ಎಷ್ಟು ದೂರ ಓಡೀತು? ಜಹೀರುದ್ದೀನನಿಗೆ ಆ ಗಾಡಿಯ ಕಾವಿನ ಮುಳ್ಳು ಕೆಟ್ಟು ವರ್ಷಗಳಾದದ್ದು ಗೊತ್ತಿಲ್ಲ. ವಾಸನೆಯ ಮೇಲೆ, ಸದ್ದಿನ ಮೇಲೆ ಕಾವು ಹೇಳುವವನು ಮಶಾಕಸಾಬ. ತಂಪಿನಲ್ಲಿ ಗಾಜು ಏರಿಸಿ ಕೂತವರಿಗೆ ಯಾವ ವಾಸನೆ, ಯಾವ ಸದ್ದು? ಪಿಸ್ಟನ್ನು ಹಿಡಿದುಕೊಂಡರೆ, ಇಂಜಿನ್ನಿನ ತಲೆ ಸೀಳಿದರೆ, ಅದರ ಸಾಮಾನು ಮುಂಬಯಿಯಲ್ಲೂ ಸಿಗುವುದಿಲ್ಲ. ಗಾಡಿ ಬಂಡಿಮನೆಯಲ್ಲಿ ಕೋಳಿ ಗೂಡಾಗುತ್ತದೆ. ಮಶಾಕಸಾಬ ದಿಗ್ಗನೆ ಎದ್ದ. ಎದುರು ಮನೆಯ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ಕೇಳದೆಯೇ ತೆಗೆದುಕೊಂಡು, ಪಟ್ಟಿ ಸುತ್ತಿದ ಕೈ ಎದೆಗೆ ಒತ್ತಿ, ಒಂದೇ ಕೈಯಲ್ಲಿ ಹಿಡಿದು ತುಳಿಯತೊಡಗಿದ.

ಮಟಮಟ ಮಧ್ಯಾಹ್ನ. ಎರಡೂ ಕಡೆ ಬಿರುಕು ಬಿಟ್ಟ ಕರಿಮಣ್ಣು. ದಾರಿಯ ಧೂಳಿನಲ್ಲಿ ಅಲ್ಲಲ್ಲಿ ಒದ್ದೆ ಚುಕ್ಕೆಗಳು ಕಾಣುತ್ತಿದ್ದವು. ಮುಂದೆ ಹೋದಂತೆ ಅವು ದೊಡ್ಡವಾದವು. ಒಮ್ಮೆ ಆಯ ತಪ್ಪಿ ಬಿದ್ದ. ಸುಟ್ಟ ಕೈಯೇ ನೆಲಕ್ಕೆ ಊರಿತು. ಅಲ್ಲಾಹನನ್ನು ಕರೆದು ಎದ್ದು ಮತ್ತೆ ತುಳಿದ.

ಅದೃಷ್ಟಕ್ಕೆ ರೈಲ್ವೆ ಗೇಟು ಹಾಕಿತ್ತು. ಎರಡು ಚಕ್ಕಡಿಗಳ ಹಿಂದೆ ಕಾರು ಇಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಬಾನೆಟ್ಟಿನ ಸಂದಿಯಿಂದ ಆಗಷ್ಟೇ ಎಳೆ ಎಳೆಯಾಗಿ ಉಗಿ ಏಳುತ್ತಿತ್ತು. ಮಶಾಕಸಾಬ ಸೈಕಲ್ ಬಿಸಾಕಿ ಗಾಜು ಬಡಿದ.

"ಬಂದ್ ಮಾಡೋ! ಇಂಜಿನ್ ಬಂದ್ ಮಾಡು!"

ಜಹೀರುದ್ದೀನ ಗಾಬರಿಯಿಂದ ಚಾವಿ ತಿರುವಿದ. ಮಶಾಕಸಾಬ ಟವೆಲ್ಲಿನಿಂದ ಹಿಡಿದು ಬಾನೆಟ್ ಎತ್ತಿದ. ಎತ್ತುತ್ತಿದ್ದಂತೆಯೇ ಕೆಳಗಿನ ಪೈಪು ಪೂರ್ತಿ ಕಳಚಿಕೊಂಡು, ಉಳಿದಷ್ಟು ಬಿಸಿನೀರು ರಸ್ತೆಯ ಮೇಲೆ ಚೆಲ್ಲಿತು. ಗೇಟು ಕಾಯುವ ಬಸಣ್ಣ ಬಿಂದಿಗೆಯಲ್ಲಿ ತಣ್ಣೀರು ತಂದು ಸುರಿಯಲು ಹೋದ. "ಈಗ ಬ್ಯಾಡೋ, ಇಂಜಿನ್ ಸೀಳತೈತಿ! ಆರಲಿ" ಎಂದು ಮಶಾಕಸಾಬ ಅವನ ಕೈ ಹಿಡಿದ.

ರೈಲು ಹೋಯಿತು, ಗೇಟು ತೆಗೆಯಿತು, ಚಕ್ಕಡಿಗಳು ದಾಟಿ ಹೋದವು. ಇಂಜಿನ್ ಆರುವ ತನಕ ಮೂವರೂ ಬಸಣ್ಣನ ಗುಡಿಸಲ ಮುಂದಿನ ಬೇವಿನ ಗಿಡದ ಕೆಳಗೆ ಕಾದರು. ರೇವವ್ವ ಬಸಣ್ಣ ಹಾಸಿದ ಗೋಣಿಚೀಲದ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು.

"ಕ್ಲಿಪ್ ಸಡಲ ಐತಿ ಅಂತ ನಿಮಗ ಹೆಂಗ ಗೊತ್ತಾತ್ರಿ ಚಾಚಾ?" ಎಂದು ಕೇಳಿದ ಜಹೀರುದ್ದೀನ.

"ನೀರ ಬಿದ್ದಿದ್ದು ಕಂಡಿತು."

"ನೀರ ನಾವ ಮನಿಯಾಗ ಇದ್ದಾಗನ ಬೀಳತಿತ್ತಲ್ರಿ."

ಮಶಾಕಸಾಬ ಬೇವಿನ ಎಲೆಯೊಂದನ್ನು ಕಿತ್ತು ಚೂರು ಮಾಡಿದ. ಸುಳ್ಳು ಹೇಳುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ. "ನೀ ಬಿಗಿ ಮಾಡದ ಹ್ವಾದಾಗನ ನೋಡಿದ್ದೆ" ಎಂದ.

ಜಹೀರುದ್ದೀನನ ಮುಖ ಕಪ್ಪಿಟ್ಟಿತು. ಮೊದಲ ಸಲ ಅವನು ಚಾಚಾ ಎನ್ನಲಿಲ್ಲ. "ಕೈ ಸುಟ್ಟಿದ್ದಕ್ಕ ರಾತ್ರಿಯೆಲ್ಲಾ ಸಂಕಟ ಪಟ್ಟೇನಿ ನಾ. ನೀವು ನೋಡಿನೂ ಸುಮ್ಮ ನಿಂತ್ರಿ" ಎಂದು ಹೇಳಿ, ಗಾಡಿಯ ಕಡೆ ನಡೆದುಬಿಟ್ಟ.

ರೇವವ್ವ ತಲೆ ಎತ್ತಿ ಮೆಲ್ಲಗೆ ಅಂದಳು: "ಒಳಗ ನಾನೂ ಕುಂತಿದ್ದೆ, ಮಶಾಕ."

ಅವನು ಕಟ್ಟೆಯ ಮೇಲೆ ಕೂತು ಕಂಡ ಚಿತ್ರದಲ್ಲಿ ರೇವವ್ವ ಇದ್ದಳು, ಅವನನ್ನು ಹೊಗಳುವುದಕ್ಕೆ. ಈ ಬಿಸಿಲಿನಲ್ಲಿ ನಡುದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಅವಳ ಗತಿ ಏನು ಎಂಬುದು ಅವನ ತಲೆಗೆ ಬಂದೇ ಇರಲಿಲ್ಲ. ಬಿದ್ದು ಎದ್ದು ಓಡಿಬಂದದ್ದು ಇಂಜಿನ್ನಿಗೆ. ಅವಳಿಗೂ ಅದು ತಿಳಿದಿತ್ತು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇಂಜಿನ್ ಆರಿದ ಮೇಲೆ ಜಹೀರುದ್ದೀನ ಪೈಪು ತೂರಿಸಿ ಹಿಡಿದ. ಮಶಾಕಸಾಬ ಎಡಗೈಯಿಂದ ತಿರುಪು ಬಿಗಿದ. ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗಿದ್ದರೂ ಇಬ್ಬರೂ ಕ್ಲಿಪ್ಪನ್ನಷ್ಟೇ ನೋಡುತ್ತಿದ್ದರು. ನೀರು ತುಂಬಿಸಿ ಗಾಡಿ ತಿರುಗಿಸಿದರು. "ಹತ್ತು" ಎಂದು ರೇವವ್ವ ಅನ್ನಲಿಲ್ಲ. ಮಶಾಕಸಾಬ ಸೈಕಲ್ ನೂಕಿಕೊಂಡು ನಡೆದೇ ಊರಿಗೆ ಬಂದ. ಪಡಸಾಲೆಯ ಕಟ್ಟೆಯ ಮೇಲೆ ಚಾವಿ ಇತ್ತು. ಅದನ್ನು ಎತ್ತಿಕೊಳ್ಳಲು ಯಾರೂ ಹೇಳಲಿಲ್ಲ, ಅವನೂ ಎತ್ತಿಕೊಳ್ಳಲಿಲ್ಲ.

ಕೈ ಮಾಯುವ ತನಕ ರೇವವ್ವ ರೈಲಿನಲ್ಲಿ, ಬಸ್ಸಿನಲ್ಲಿ ಓಡಾಡಿದಳು. ಮಶಾಕಸಾಬ ದಿನಾ ಬೆಳಗ್ಗೆ ಬಂದು ಎಡಗೈಯಿಂದ ಗಾಡಿ ಒರೆಸಿ ಹೋಗುತ್ತಿದ್ದ. ಬರಬೇಡ ಎಂದು ಅವಳು ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. "ಹೋಗಿ ಕಾಲ ಹಿಡಕೋರಿ" ಎಂದು ರಜಿಯಾಬಿ ಅಂದಳು. ಅವನು ಎರಡು ಸಲ ಪಡಸಾಲೆಯ ಮೆಟ್ಟಿಲ ತನಕ ಹೋಗಿ ತಿರುಗಿ ಬಂದ. ಕಡೆಗೆ ಮೊದಲ ಮಳೆಗೆ ಮುಂಚೆ ಮೊರಬದಿಂದ ರೇವವ್ವನ ತಂಗಿ ಹಡೆದ ಸುದ್ದಿ ಬಂತು. ಮೈಲಾರವ್ವ ಓಡುತ್ತ ಬಂದು, "ಅವ್ವಾರು ಕರೀತಾರ, ಗಾಡಿ ತಗೀಬೇಕಂತ" ಎಂದು ಚಾವಿ ಕೊಟ್ಟಳು.

ಸೀಟು ಇನ್ನೂ ಹಿಂದೆಯೇ ಸರಿದಿತ್ತು. ಅದನ್ನು ಮುಂದೆ ಎಳೆದು ಕೂತ. ನವಲಗುಂದದ ದಾರಿ ಹಿಡಿದ ಮೇಲೆ ರೇವವ್ವ "ತಂಪ ಹಚ್ಚು" ಎಂದಳು. ಹಚ್ಚಿದ. ಹೊಸ ಕಂಡೆನ್ಸರಿನ ತಂಪು ಹಳೆಯದಕ್ಕಿಂತ ಜೋರಾಗಿತ್ತು. ಸ್ವಲ್ಪ ಹೊತ್ತಿಗೆ ಅವಳು ಸೆರಗು ಹೊದ್ದುಕೊಂಡಳು.

"ಥಂಡಿ ಆತು. ಸ್ವಲ್ಪ ಕಡಿಮಿ ಮಾಡೋ."

ಮಶಾಕಸಾಬ ಗುಂಡಿಗಳನ್ನು ನೋಡಿದ. ಇಷ್ಟು ವರ್ಷ ಹಚ್ಚುವುದು, ಆರಿಸುವುದು, ಎರಡೇ ಮಾಡಿದವನು ಅವನು. ಕಡಿಮೆ ಮಾಡುವುದು ಹೇಗೆ? "ನನಗ ಗೊತ್ತಿಲ್ರಿ ಅವ್ವಾರ" ಎಂದ. ಆ ಯಂತ್ರದ ವಿಷಯದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು.

ಹಿಂದಿನ ಸೀಟಿನಿಂದ ಸಣ್ಣಗೆ ನಗುವಂಥದೇನೋ ಕೇಳಿಸಿತು. "ಹಂಗಾರ ಹೋಗಿ ಕೇಳಿಕೊಂಡು ಬಾ" ಎಂದಳು ರೇವವ್ವ.

ಮರುವಾರ ಹುಬ್ಬಳ್ಳಿಗೆ ಹೋದ. ರಜಿಯಾಬಿ ಬದನೆಕಾಯಿ ಪಲ್ಯ, ರೊಟ್ಟಿ ಕಟ್ಟಿಕೊಟ್ಟಿದ್ದಳು. ಜಹೀರುದ್ದೀನನ ಅಂಗಡಿ ಎಂದರೆ ಬಾಗಿಲ ತುಂಬ ಹಳೆ ಫ್ರಿಜ್ಜುಗಳು. ಅಂಗಡಿಯ ಮುಂದೆ ಗದಗಿನ ಕಡೆಯ ಯಾರೋ ಸಾಹುಕಾರರ ಪರದೇಶಿ ಕಾರು ನಿಂತಿತ್ತು. ಅದಕ್ಕೂ ತಂಪು ಯಂತ್ರ. ಜಹೀರುದ್ದೀನ ಮಶಾಕಸಾಬನನ್ನು ನೋಡಿದ, ಕುಂದ್ರಿ ಎನ್ನಲಿಲ್ಲ. ಆ ಕಾರಿನ ಡ್ರೈವರನಿಗೆ ಒಂದೊಂದೇ ಗುಂಡಿ ತೋರಿಸಿ ನಗುನಗುತ್ತ ಹೇಳಿಕೊಡುತ್ತಿದ್ದ. ಆ ಡ್ರೈವರನೂ ಬಲು ತಿಳಿದವನಂತೆ ತಲೆಯಾಡಿಸುತ್ತಿದ್ದ.

ಮಶಾಕಸಾಬ ಊಟದ ಗಂಟು ಹಿಡಿದು ಬಿಸಿಲಲ್ಲೇ ನಿಂತಿದ್ದ. ನಮ್ಮ ಗಾಡಿ ರಿಪೇರಿ ಮಾಡಿದ ಮೇಸ್ತ್ರಿ ಇವನು, ಆ ಗದಗಿನವನಿಗೆ ಇಷ್ಟು ಬಿಡಿಸಿ ಬಿಡಿಸಿ ಏಕೆ ಹೇಳಬೇಕು ಎಂದು ಅವನ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಎದ್ದಿತು. ಅದು ತನಗೇ ತಿಳಿದು ನಾಚಿಕೆಯಾಯಿತು. ನಾಚಿಕೆಯಾದರೂ ಕಿಚ್ಚು ಆರಲಿಲ್ಲ.

ಆ ಕಾರು ಹೋದ ಮೇಲೆ ಜಹೀರುದ್ದೀನ ಕೈ ಒರೆಸಿಕೊಳ್ಳುತ್ತ ಬಂದ.

"ಏನಾಗಬೇಕಿತ್ತು?"

"ತಂಪ ಕಡಿಮಿ ಮಾಡೂದು ಗೊತ್ತಾಗವಲ್ದು. ಕೇಳಿಕೊಂಡು ಹೋಗೂಣಂತ ಬಂದೆ" ಎಂದ ಮಶಾಕಸಾಬ. ಆಮೇಲೆ ಗಂಟು ಮುಂದೆ ಚಾಚಿ, "ನಿಮ್ಮ ಚಾಚಿ ಪಲ್ಯಾ ಕೊಟ್ಟಾಳ" ಎಂದ.

ಜಹೀರುದ್ದೀನ ಗಂಟನ್ನು ನೋಡಿದ, ಕೆಂಪು ಗುರುತು ಉಳಿದ ಬೆರಳುಗಳನ್ನು ನೋಡಿದ. ಗಂಟು ತೆಗೆದುಕೊಂಡು ಒಳಗಿಟ್ಟು, ಒಂದು ಮುರುಕು ಸ್ಟೂಲನ್ನು ನೆರಳಿಗೆ ಎಳೆದ.

"ಕುಂದ್ರಿ" ಎಂದ. "ಎಡಗಡಿ ಗುಂಡಿ ಐತಲ್ಲ, ಅದರಿಂದ ಸುರು ಮಾಡೂಣು."